ಹೂಬಿಟ್ಟ ಮರ, ಲೇಶ್ಯೆಯ ಮರ: ಒಂದು ಕಿರು ಚಿತ್ರಶಾಲೆಯ ದರ್ಶನ

ಸೀರೆ ಕೊಳ್ಳಲು ಬಂದ ತಾಯಂದಿರು ಬಣ್ಣವನ್ನು ಗೊತ್ತುಮಾಡುವ ಮೊದಲು ಅದನ್ನು ಎತ್ತಿಕೊಂಡು ಅಂಗಡಿಯ ಬಾಗಿಲಾಚೆಗಿನ ಬಿಸಿಲಿಗೆ ಹೋಗಿ ನೋಡುವುದು ಎಲ್ಲ ಊರುಗಳಲ್ಲಿಯೂ ಇರುವ ವಾಡಿಕೆ. ಹಳಿಯಾಳದ ಪೇಟೆಯಲ್ಲಿ ಬಹುಕಾಲ ಜವಳಿ ವ್ಯಾಪಾರ ಮಾಡಿದ ನನಗೆ ಇದು ದಿನನಿತ್ಯದ ಅನುಭವ. ಟ್ಯೂಬ್‌ಲೈಟಿನ ಕೆಳಗೆ ಹಸಿರಾಗಿ ಕಂಡ ಸೆರಗು ಬಿಸಿಲಿನಲ್ಲಿ ನವಿಲಿನ ಕೊರಳಂತೆ ನೀಲಿಯಾಗಿ ಕಾಣುವುದು. ಮಳೆಗಾಲದ ಮಧ್ಯಾಹ್ನ ಅದೇ ಸೆರಗು ಬೂದಿಬಣ್ಣಕ್ಕೆ ತಿರುಗುವುದು. "ಇದರ ಖರೇ ಬಣ್ಣ ಯಾವುದ್ರೀ ಸಾವಕಾರ್ರ?" ಎಂದು ಕೇಳಿದವರಿಗೆ ನಾನು ನಕ್ಕು "ಎಲ್ಲಾನೂ ಖರೇನ ಅವ್ವಾ" ಎನ್ನುತ್ತಿದ್ದೆನು. ಅದು ಸೀರೆ ಮಾರುವವನ ಜಾಣ್ಮೆಯ ಮಾತಾಗಿತ್ತೇ ಹೊರತು ವಿಚಾರ ಮಾಡಿ ಆಡಿದ ಮಾತಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಿರು ಚಿತ್ರಶಾಲೆಯಲ್ಲಿ ನಿಂತಾಗ ಅದೇ ಪ್ರಶ್ನೆ ಮರಳಿ ಎದುರಾಯಿತು. ಅದರ ಜೊತೆಯಲ್ಲಿ, ನಾನು ತೀರಿಸದೆ ಉಳಿಸಿಕೊಂಡಿದ್ದ ಒಂದು ಋಣವೂ ನೆನಪಿಗೆ ಬಂದಿತು. ಈ ಎರಡನ್ನೂ ಶ್ರಾವಕ ಬಂಧುಗಳ ಹಾಗೂ ಬಸದಿಗಳ ಆಡಳಿತ ನೋಡಿಕೊಳ್ಳುವ ಮಹನೀಯರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಆ ಚಿತ್ರಶಾಲೆಯ ಹೆಸರು ರುಮಾಲೆ ಆರ್ಟ್ ಹೌಸ್. ರುಮಾಲೆ ಚನ್ನಬಸವಯ್ಯನವರೆಂಬ ಒಬ್ಬರೇ ಕಲಾವಿದರ ಕೃತಿಗಳನ್ನು ಕಾಪಾಡಿ ಜನರಿಗೆ ತೋರಿಸುವುದಕ್ಕಾಗಿ ಏರ್ಪಟ್ಟ ಸ್ಥಳವದು. ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿರುವ ಮೊಮ್ಮಗಳು ಒತ್ತಾಯದಿಂದ ಕರೆದುಕೊಂಡು ಹೋಗದಿದ್ದರೆ ನಾನಾಗಿಯೇ ಹೋಗುತ್ತಿದ್ದೆನೆಂದು ಹೇಳಲಾರೆ. ತೀರ್ಥಯಾತ್ರೆಗೆಂದು ಊರೂರು ತಿರುಗಿದ ನಮ್ಮಂಥವರು ಚಿತ್ರಶಾಲೆಯ ಮೆಟ್ಟಿಲು ಹತ್ತುವುದು ಅಪರೂಪ.

ರುಮಾಲೆಯವರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದರು. ತಾರುಣ್ಯದಲ್ಲಿ ಚಿತ್ರಕಲೆಯ ಶಿಕ್ಷಣಕ್ಕೆ ತೊಡಗಿದವರನ್ನು ಗಾಂಧೀಜಿಯವರ ಚಳವಳಿ ಸೆಳೆದುಕೊಂಡಿತು. ಕಾಂಗ್ರೆಸ್ ಸೇವಾದಳದಲ್ಲಿ ದುಡಿದರು, ಸೆರೆಮನೆ ಕಂಡರು, 'ತಾಯಿನಾಡು' ಪತ್ರಿಕೆಯ ಸಂಪಾದಕತ್ವದ ಹೊಣೆ ಹೊತ್ತರು, ಶಾಸನಸಭೆಯಲ್ಲಿಯೂ ಕುಳಿತರು. ಅನಂತರ ಅರವತ್ತರ ದಶಕದಲ್ಲಿ, ತಾವು ಐವತ್ತನ್ನು ದಾಟಿದ ಮೇಲೆ, ರಾಜಕಾರಣವನ್ನು ಬಿಟ್ಟು ಕುಂಚಕ್ಕೆ ಮರಳಿದರು. 1988ರಲ್ಲಿ ನಿಧನ ಹೊಂದುವವರೆಗೂ ಅವರ ಮುಖ್ಯ ಕಾಯಕ ಬೀದಿಬದಿಯಲ್ಲಿ, ಉದ್ಯಾನಗಳಲ್ಲಿ ನಿಂತು ಕಣ್ಣೆದುರಿನ ಮರಗಳನ್ನು ಚಿತ್ರಿಸುವುದೇ ಆಗಿತ್ತು. ಅಧಿಕಾರದ ಬಾಗಿಲು ತೆರೆದಿರುವಾಗಲೇ ಅದನ್ನು ಬಿಟ್ಟು ಹೊರಬಂದ ಮನುಷ್ಯ ಯಾವ ಧರ್ಮದವನಾದರೂ ಅಪರಿಗ್ರಹದ ಒಂದು ಪಾಠವನ್ನು ಓದಿದವನೇ ಸರಿ.

ಅವರ ಚಿತ್ರಗಳನ್ನು ಬಲ್ಲವರು ಪಾಶ್ಚಾತ್ಯರ ಇಂಪ್ರೆಷನಿಸಂ ಪಂಥದೊಂದಿಗೂ, ಅದರ ಮುಂದಿನ ಪೀಳಿಗೆಯ ವಾನ್ ಗೋನೊಂದಿಗೂ ಹೋಲಿಸುವರು. ಈ ಪಂಥದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಬೇಕಾಗುವುದು. 1874ರ ಏಪ್ರಿಲ್ ತಿಂಗಳಿನಲ್ಲಿ ಪ್ಯಾರಿಸ್ಸಿನಲ್ಲಿ ಕೆಲವು ಚಿತ್ರಕಾರರು, ಸರಕಾರಿ ಪ್ರದರ್ಶನದ ಹಂಗನ್ನು ತೊರೆದು, ಛಾಯಾಚಿತ್ರಗಾರನೊಬ್ಬನ ಹಳೆಯ ಸ್ಟುಡಿಯೋದಲ್ಲಿ ತಮ್ಮ ಕೃತಿಗಳನ್ನು ತಾವೇ ತೂಗುಹಾಕಿದರು. ಅವರಲ್ಲಿ ಕ್ಲಾದ್ ಮೊನೆ ಎಂಬಾತನು ಬಂದರೊಂದರ ಸೂರ್ಯೋದಯವನ್ನು ಚಿತ್ರಿಸಿ, ಅದಕ್ಕೆ 'ಇಂಪ್ರೆಷನ್', ಅಂದರೆ ಮನಸ್ಸಿನ ಮೇಲೆ ಒತ್ತಿದ ಮುದ್ರೆ, ಎಂಬರ್ಥದ ಹೆಸರಿಟ್ಟಿದ್ದನು. ಲೂಯಿ ಲೆರೊವಾ ಎಂಬ ಪತ್ರಕರ್ತನು ಆ ಪದವನ್ನೇ ಹಿಡಿದು ಗೇಲಿ ಮಾಡಿದನು. ಗೇಲಿಯ ಹೆಸರೇ ಪಂಥದ ಹೆಸರಾಗಿ ನಿಂತಿತು. ಅದುವರೆಗೆ ಚಿತ್ರಕಾರರು ಬಯಲಿನಲ್ಲಿ ಕರಡು ಬರೆದುಕೊಂಡು, ಕೋಣೆಯೊಳಗೆ ಕುಳಿತು ಚಿತ್ರವನ್ನು ಪೂರೈಸುವುದು ಸಾಮಾನ್ಯ ಪದ್ಧತಿಯಾಗಿತ್ತು. 1841ರಲ್ಲಿ ಹಿಂಡುವ ಲೋಹದ ಕೊಳವೆಯಲ್ಲಿ ಎಣ್ಣೆಬಣ್ಣ ತುಂಬುವ ಉಪಾಯ ಕಂಡುಬಂದ ಮೇಲೆ ಬಣ್ಣದ ಪೆಟ್ಟಿಗೆಯನ್ನು ಹೊಲಕ್ಕೂ ಹೊಳೆಯ ದಂಡೆಗೂ ಒಯ್ಯುವುದು ಸುಲಭವಾಯಿತು. ಬಯಲಿನಲ್ಲಿ ಬೆಳಕು ಯಾರಿಗಾಗಿಯೂ ಕಾಯುವುದಿಲ್ಲ. ಅದು ಬದಲಾಗುವ ಮೊದಲು ಹಿಡಿಯಬೇಕೆಂಬ ಅವಸರದಿಂದ ಇವರ ಕುಂಚ ಚಿಕ್ಕಚಿಕ್ಕ ಬಿಡಿಬಿಡಿ ಗೆರೆಗಳಾಗಿ ಒಡೆಯಿತು. ನೆರಳು ಕಪ್ಪಲ್ಲ, ಅದರಲ್ಲಿಯೂ ನೀಲಿ ನೇರಳೆಗಳಿವೆ ಎಂಬುದನ್ನು ಇವರು ಕಂಡು ತೋರಿಸಿದರು.

ಇನ್ನು ರುಮಾಲೆಯವರ ಚಿತ್ರಗಳ ವಿಚಾರ. ನಾನು ಮೊದಲನೆಯ ಚಿತ್ರದ ತೀರ ಸಮೀಪಕ್ಕೆ ಹೋದೆನು. ಅರಿವೆಯ ನೇಯ್ಗೆಯನ್ನು ಕಣ್ಣಿಗೆ ಹಿಡಿದು ನೋಡಿದ ಅಭ್ಯಾಸ. ಅಲ್ಲಿ ಕಂಡದ್ದು ಒತ್ತೊತ್ತಾಗಿ ಮೆತ್ತಿದ ಕೆಂಪು, ಕಿತ್ತಳೆ, ಹಳದಿಯ ಗಂಟುಗಳು ಮಾತ್ರ. "ಅಜ್ಜಾ, ಅಷ್ಟು ಹತ್ತಿರ ನಿಂತ್ರೆ ಹೇಗೆ? ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಮರ ಕಾಣಿಸುತ್ತೆ" ಎಂದು ಮೊಮ್ಮಗಳು ಹೇಳಿದಳು. ಹಿಂದೆ ಸರಿದಂತೆ ಆ ಗಂಟುಗಳು ಕೂಡಿಕೊಂಡು ಬೇಸಿಗೆಯ ಗುಲ್‌ಮೊಹರ್ ಮರವೊಂದು ಉರಿಯುತ್ತ ನಿಂತಿತು. ಅದರಡಿಯ ದಾರಿಯ ಮೇಲೆ ಉದುರಿದ ಹೂವು, ದಾರಿಗೆ ಅಡ್ಡವಾಗಿ ಬಿದ್ದ ನೇರಳೆ ನೆರಳು. ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಮರ ಹೂಬಿಡುವುದಕ್ಕೆ ಕಾರಣವಿದೆ. ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜರ್ಮನಿಯ ಕ್ರುಂಬಿಗಲ್ ಅವರು, ವರ್ಷದ ಒಂದೊಂದು ಕಾಲಕ್ಕೆ ಒಂದೊಂದು ಜಾತಿ ಅರಳುವಂತೆ ಯೋಜಿಸಿ ಸಾಲುಮರಗಳನ್ನು ನೆಡಿಸಿದ್ದರು. ಆ ಹೂವಿನ ಪಂಚಾಂಗವನ್ನು ರುಮಾಲೆಯವರು ಕುಂಚದಿಂದ ಓದಿದರೆನ್ನಬಹುದು. ನೀಲಿಯ ಜಕರಂದಾ, ಹಳದಿಯ ತಬೂಬಿಯಾ, ಕೆಂಪಿನ ಗುಲ್‌ಮೊಹರ್ ಇವೆಲ್ಲ ಹೊರದೇಶಗಳಿಂದ ಬಂದು ನಮ್ಮ ಮಣ್ಣಿನಲ್ಲಿ ಬೇರೂರಿದ ಮರಗಳು. ಅವುಗಳನ್ನು ಚಿತ್ರಿಸಿದ ಶೈಲಿಯೂ ಹೊರಗಿನಿಂದ ಬಂದು ಇಲ್ಲಿ ಬೇರೂರಿದ್ದು.

ಈ ಚಿತ್ರಗಳ ಹಿರಿಮೆ ಯಾವುದೆಂದು ಕೇಳಿದರೆ, ಕಲಾವಿಮರ್ಶಕನಲ್ಲದ ನನ್ನ ಉತ್ತರ ಇಷ್ಟೇ: ಇವುಗಳಲ್ಲಿ ಬೆಡಗು ಉಂಟು, ಸುಳ್ಳು ಇಲ್ಲ. ಕಂಡದ್ದಕ್ಕಿಂತ ಹೆಚ್ಚು ಕಂಡೆನೆಂದು ಚಿತ್ರಕಾರನು ಎಲ್ಲಿಯೂ ಹೇಳುವುದಿಲ್ಲ. ದೇವತೆಗಳಿಲ್ಲ, ರಾಜರಿಲ್ಲ, ಕಥೆಯಿಲ್ಲ. ಒಂದು ಮರ, ಒಂದು ಹೊತ್ತು, ಅಷ್ಟೆ. ಕೊರತೆಯೂ ಇಲ್ಲವೆನ್ನಲಾಗದು. ಒಂದರ ಪಕ್ಕದಲ್ಲಿ ಇನ್ನೊಂದನ್ನು ನೋಡುತ್ತ ಹೋದಂತೆ ಎಲ್ಲ ಬಣ್ಣಗಳೂ ಏಕಕಾಲಕ್ಕೆ ಏರುದನಿಯಲ್ಲಿ ಮಾತನಾಡುವಂತೆ ಭಾಸವಾಗುವುದು. ಹೂವು ಉದುರಿ ಬರಿದಾಗಿ ನಿಂತ ಮರ, ಮಳೆ ಹಿಡಿದ ಮಂಕು ಹಗಲು, ಇವುಗಳಿಗಾಗಿ ನನ್ನ ಕಣ್ಣು ಹುಡುಕಿತು. ಸದಾ ಪರ್ವವೇ ಆದರೆ ಪರ್ವದ ಬೆಲೆ ತಿಳಿಯದು. ಇದೇ ನಾಡಿನ ಕೆ. ವೆಂಕಟಪ್ಪನವರು (1886-1965) ಉದಕಮಂಡಲದ ಮಂಜನ್ನು ಜಲವರ್ಣದಲ್ಲಿ ಬಿಡಿಸಿದ ಚಿತ್ರಗಳನ್ನು ನೋಡಿದವರಿಗೆ ತಗ್ಗಿದ ದನಿಯ ಆ ಬೆಳಕು ಎಂಥದೆಂಬುದು ತಿಳಿದೀತು. ಆದರೆ ವೆಂಕಟಪ್ಪನವರದು ತಾಳ್ಮೆಯಿಂದ ಎಣಿಸಿದ ನೋಟ. ರುಮಾಲೆಯವರದು ಎದೆತುಂಬಿ ಚೆಲ್ಲಿದ ನೋಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಉಚಿತವಾಗಲಾರದು.

ಇಲ್ಲಿ ಅನೇಕಾಂತದ ಅಭ್ಯಾಸಿಗೆ ಸಹಜವಾಗಿಯೇ ಒಂದು ವಿಚಾರ ಹೊಳೆಯುವುದು. ವಸ್ತುವು ದ್ರವ್ಯದ ದೃಷ್ಟಿಯಿಂದ ನಿತ್ಯ, ಪರ್ಯಾಯದ ದೃಷ್ಟಿಯಿಂದ ಅನಿತ್ಯ. ಹುಟ್ಟುವುದು, ಅಳಿಯುವುದು, ಉಳಿಯುವುದು ಈ ಮೂರೂ ಅದರಲ್ಲಿ ಏಕಕಾಲಕ್ಕೆ ಇರುವುವೆಂಬುದು ನಮ್ಮ ಆಚಾರ್ಯರ ಉಪದೇಶ. ಏಳು ನಯಗಳಲ್ಲಿ ಋಜುಸೂತ್ರವೆಂಬ ನಯವು ವಸ್ತುವಿನ ವರ್ತಮಾನ ಪರ್ಯಾಯವನ್ನು ಮಾತ್ರ ಹಿಡಿಯುವುದು. ನಿನ್ನೆಯ ಹಾಗೂ ನಾಳೆಯ ಗೊಡವೆ ಅದಕ್ಕಿಲ್ಲ. ಇಂಪ್ರೆಷನಿಸ್ಟರ ಕಣ್ಣು ಈ ಋಜುಸೂತ್ರದ ಕಣ್ಣು ಎಂದು ಹೇಳಿದರೆ ತಪ್ಪಾಗಲಾರದು. ಮೊನೆಯು 1892 ಮತ್ತು 1893ರಲ್ಲಿ ರೂವಾಂ ನಗರದ ಚರ್ಚಿನ ಒಂದೇ ಮುಂಭಾಗವನ್ನು, ಎದುರಿನ ಕೋಣೆಗಳಿಂದ, ಮೂವತ್ತಕ್ಕೂ ಹೆಚ್ಚು ಬಾರಿ ಚಿತ್ರಿಸಿದನು. ಮುಂಜಾನೆ ಅದು ನೀಲಿ, ನಡುಹಗಲು ಚಿನ್ನ, ಸಂಜೆ ಕಂದು. ಬಿಸಿಲು ಸರಿದಂತೆ ಒಂದು ಪಟವನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದನು. ಕಲ್ಲು ಒಂದೇ, ಪರ್ಯಾಯಗಳು ಮೂವತ್ತು. ಸೀರೆಯನ್ನು ಬಿಸಿಲಿಗೊಯ್ದ ತಾಯಂದಿರಿಗೆ ನಾನು ಕೊಟ್ಟ ಉತ್ತರವನ್ನೇ ಅವನು ಶ್ರದ್ಧೆಯಿಂದ ಕೊಟ್ಟಿದ್ದನು.

ಕ್ಷಣವನ್ನು ಕಾಣುವ ಕಣ್ಣು ನಮ್ಮ ಪರಂಪರೆಗೆ ಹೊಸದಲ್ಲ. ಪಂಪನು 941ರಲ್ಲಿ ರಚಿಸಿದ ಆದಿಪುರಾಣವನ್ನು ಬಲ್ಲವರು ನೀಲಾಂಜನೆಯ ಪ್ರಸಂಗವನ್ನು ಮರೆಯಲಾರರು. ಪುರುದೇವನ ಆಸ್ಥಾನದಲ್ಲಿ ನರ್ತಿಸುತ್ತಿದ್ದಂತೆಯೇ ಅವಳ ಆಯುಷ್ಯ ಮುಗಿಯುವುದು. ರಸಭಂಗವಾಗದಿರಲೆಂದು ಇಂದ್ರನು ತತ್‌ಕ್ಷಣವೇ ಅವಳಂಥದೇ ರೂಪವನ್ನು ಅಲ್ಲಿ ನಿಲ್ಲಿಸುವನು. ಸಭೆಯಲ್ಲಿದ್ದವರೆಲ್ಲರೂ ನೋಡುತ್ತಲೇ ಇದ್ದರು, ಯಾರಿಗೂ ಬದಲಾವಣೆ ಕಾಣಲಿಲ್ಲ. ಕಂಡವನು ಒಬ್ಬನೇ, ಅವನು ವಿರಕ್ತನಾದನು. ಮೊನೆಯೂ ರುಮಾಲೆಯವರೂ ಬದಲಾವಣೆಯನ್ನು ಕಂಡರು, ಆದರೆ ಅದರ ಚೆಲುವಿನಲ್ಲಿಯೇ ನಿಂತರು. ಚೆಲುವಿನಲ್ಲಿ ನಿಲ್ಲುವುದಕ್ಕೂ ಅದನ್ನು ದಾಟುವುದಕ್ಕೂ ಇರುವ ಅಂತರ ದೊಡ್ಡದು. ಆದರೂ ಕಾಣದವನು ದಾಟುವುದು ಸಾಧ್ಯವಿಲ್ಲವಾದುದರಿಂದ, ಕಾಣುವುದನ್ನು ಕಲಿಸುವ ಕಲೆಯನ್ನು ಬರಿಯ ವಿಲಾಸವೆಂದು ತಳ್ಳಿಹಾಕುವುದು ಸರಿಯಲ್ಲ.

ಋಜುಸೂತ್ರವು ತನ್ನ ಮಿತಿಯಲ್ಲಿ ಸತ್ಯ. ಉಳಿದ ನಯಗಳನ್ನು ಅಲ್ಲಗಳೆದರೆ ಅದು ದುರ್ನಯವಾಗುವುದು. ಕೇವಲ ಕ್ಷಣವೇ ಉಂಟೆಂದು ನಂಬಿದರೆ ನಾವು ಬೌದ್ಧರ ಕ್ಷಣಿಕವಾದಕ್ಕೆ ಹೋಗಿ ತಲುಪುವೆವು. ಮುಂಡಗೋಡದ ಟಿಬೆಟನ್ನರ ಸಂಪ್ರದಾಯದಲ್ಲಿ ಬಣ್ಣದ ಮರಳಿನಿಂದ ದಿನಗಟ್ಟಲೆ ಮಂಡಲವನ್ನು ಬರೆದು, ಮುಗಿದ ಮೇಲೆ ಅದನ್ನು ಗುಡಿಸಿ ನೀರಿಗೆ ಬಿಡುವ ಆಚಾರವನ್ನು ನಮ್ಮ ಭಾಗದವರು ಬಲ್ಲರು. ಅವರ ತತ್ತ್ವಕ್ಕೆ ಅದು ಒಪ್ಪುವ ಕ್ರಿಯೆ. ನಮಗೆ ಅಳಿಯುವುದರ ಜೊತೆಗೆ ಉಳಿಯುವುದೂ ಸತ್ಯ. ರುಮಾಲೆಯವರ ಮರಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕಾಂಡಗಳು. ಹೂವು ಗಾಳಿಗೆ ಅಲುಗುತ್ತಿದ್ದರೂ ಕಾಂಡ ನೆಲವನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಹೂವು ಉದುರಿದ ಮೇಲೂ ಈ ಮರ ಇರುತ್ತದೆಂಬ ಭರವಸೆಯನ್ನು ಆ ಕಾಂಡಗಳು ಕೊಡುವುವು.

ಮರದ ಚಿತ್ರವೆಂದೊಡನೆ ಶ್ರಾವಕರಾದ ನಮಗೆ ನೆನಪಾಗಬೇಕಾದುದು ಬೇರೊಂದು ಮರ. ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲಿನ ವರ್ಣಚಿತ್ರಗಳನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಪಾರ್ಶ್ವನಾಥ ಸ್ವಾಮಿಯ ಹಾಗೂ ನಾಗಕುಮಾರನ ಕಥಾಪ್ರಸಂಗಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರಬಾರು, ಇವುಗಳ ನಡುವೆ ಆರು ಜನರಿರುವ ಒಂದು ಮರದ ಚಿತ್ರವೂ ಉಂಟು. ಅದು ಲೇಶ್ಯಾವೃಕ್ಷ. ಹಸಿದ ಆರು ಮಂದಿ ದಾರಿಗರು ಹಣ್ಣು ತುಂಬಿದ ಮರವನ್ನು ಕಾಣುವರು. ಕೃಷ್ಣಲೇಶ್ಯೆಯವನು ಬುಡಸಮೇತ ಕೀಳೋಣವೆನ್ನುವನು. ನೀಲಲೇಶ್ಯೆಯವನು ಕಾಂಡವನ್ನು ಕಡಿಯೋಣವೆನ್ನುವನು. ಕಪೋತಲೇಶ್ಯೆಯವನಿಗೆ ದೊಡ್ಡ ಕೊಂಬೆ ಸಾಕು. ಪೀತಲೇಶ್ಯೆಯವನಿಗೆ ಚಿಕ್ಕ ರೆಂಬೆ. ಪದ್ಮಲೇಶ್ಯೆಯವನು ಹಣ್ಣನ್ನು ಮಾತ್ರ ಬಿಡಿಸಿಕೊಳ್ಳುವನು. ಶುಕ್ಲಲೇಶ್ಯೆಯವನು ನೆಲಕ್ಕೆ ಉದುರಿದ್ದನ್ನು ಆಯ್ದುಕೊಂಡು ಮುಂದೆ ನಡೆಯುವನು. ಕಷಾಯದಿಂದ ಆತ್ಮದ ಪ್ರವೃತ್ತಿಗೆ ಹತ್ತುವ ಬಣ್ಣವೇ ಭಾವಲೇಶ್ಯೆ ಎಂಬ ಗಹನವಾದ ವಿಷಯವನ್ನು ಅಕ್ಷರ ಬಾರದ ಮುದುಕಿಗೂ ಐದು ವರ್ಷದ ಕೂಸಿಗೂ ಈ ಒಂದು ಚಿತ್ರ ತಿಳಿಸಬಲ್ಲದು.

ಈ ಎರಡು ಮರಗಳನ್ನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದಾಗ ವಿಮರ್ಶೆಯ ತಿರುಳು ಕೈಗೆ ಸಿಕ್ಕಿತೆಂದು ನನಗೆ ತೋರಿತು. ರುಮಾಲೆಯವರ ಮರದಲ್ಲಿ ಬಣ್ಣ ಇರುವುದು ಬೆಳಕಿನಲ್ಲಿ. ಲೇಶ್ಯಾವೃಕ್ಷದಲ್ಲಿ ಬಣ್ಣ ಇರುವುದು ಮರದ ಹತ್ತಿರ ಬಂದವನಲ್ಲಿ. ಮೊದಲನೆಯದು ಮರ ಹೇಗೆ ಕಾಣುತ್ತದೆಂದು ಕೇಳುವುದು, ಎರಡನೆಯದು ಮರದ ಮುಂದೆ ನೀನು ಏನು ಮಾಡುವೆಯೆಂದು ಕೇಳುವುದು. ಲೇಶ್ಯಾವೃಕ್ಷದ ಚಿತ್ರಕಾರನಿಗೆ ಮರದ ಚೆಲುವಿನ ಕಡೆಗೆ ಗಮನ ಕಡಿಮೆ. ಎಲೆಗಳು ಲೆಕ್ಕಕ್ಕೆ ಬರೆದಂತಿರುವುದೂ ಉಂಟು. ಇಂಪ್ರೆಷನಿಸ್ಟರಿಗೆ ನೋಡುವವನ ಶೀಲದ ಗೊಡವೆಯಿಲ್ಲ. ಮರವನ್ನು ಚೆನ್ನಾಗಿ ನೋಡಿದವನು ಅದನ್ನು ಕಡಿಯಲು ಹಿಂಜರಿಯುವನೆಂಬುದು ನನ್ನ ನಂಬಿಕೆ; ಹಾಗಿದ್ದರೆ ಮೊದಲನೆಯ ಚಿತ್ರವು ಎರಡನೆಯದಕ್ಕೆ ಪೂರ್ವಪಾಠವಾಗಬಲ್ಲದು.

ಅಹಿಂಸೆಯ ದೃಷ್ಟಿಯಿಂದ ಒಂದು ಆಕ್ಷೇಪವನ್ನು ಇಲ್ಲಿಯೇ ಪರಿಶೀಲಿಸಬೇಕು. ಎಣ್ಣೆಬಣ್ಣದ ಕುಂಚಗಳನ್ನು ರೂಢಿಯಲ್ಲಿ ಹಂದಿಯ ಕೂದಲಿನಿಂದ ಮಾಡುವರು. ಕೆಲವು ಕಪ್ಪುಬಣ್ಣಗಳು ಸುಟ್ಟ ಎಲುಬಿನಿಂದಲೂ, ಕಾರ್ಮೈನ್ ಎಂಬ ಕೆಂಪು ಕೊಚಿನೀಲ್ ಎಂಬ ಕೀಟದಿಂದಲೂ ಬರುವುವು. ರೆನ್ವಾ ಎಂಬ ಹೆಸರಾಂತ ಇಂಪ್ರೆಷನಿಸ್ಟನು 1883ರಲ್ಲಿ ಬರೆದ ಒಬ್ಬ ಮಹಿಳೆಯ ಚಿತ್ರ ಶಿಕಾಗೋ ನಗರದಲ್ಲಿದೆ. ಅದರ ಹಿನ್ನೆಲೆಯ ಕೆಂಪು ಬೆಳಕಿಗೆ ಮಾಸಿಹೋಗಿ, ಚೌಕಟ್ಟು ಮುಚ್ಚಿದ್ದ ಅಂಚಿನಲ್ಲಿ ಮಾತ್ರ ಮೂಲಬಣ್ಣ ಉಳಿದಿದ್ದುದು ಕಂಡುಬಂದಿತು. ಹಿಂಸೆಯಿಂದ ಬಂದ ಬಣ್ಣ ಬಾಳಲಿಲ್ಲವೆಂದು ಉಪದೇಶ ಮಾಡುವ ಆಸೆ ಬೇಡ. ಸಸ್ಯದಿಂದ ಬಂದ ಬಣ್ಣಗಳೂ ಹಾಗೆಯೇ ಮಾಸುವುವು. ಅಲ್ಲದೆ ಈ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಗೂಡಿನೊಳಗಿನ ಹುಳುವನ್ನು ಕೊಂದು ತೆಗೆದ ನೂಲಿನ ರೇಷ್ಮೆಸೀರೆಯನ್ನು ಮದುವೆಯ ಕಾಲದಲ್ಲಿ ನಾನು ಮಾರಿದ್ದೇನೆ; ನಮ್ಮವರೇ ಕೊಂಡಿದ್ದಾರೆ. ಇಂದು ಕೃತಕ ಎಳೆಯ ಕುಂಚಗಳು ದೊರೆಯುವುವು. ನಮ್ಮ ಬಸದಿಗಳಲ್ಲಿ ಚಿತ್ರ ಬರೆಯಿಸುವವರು ಅವುಗಳನ್ನೇ ಕೇಳಿ ಬಳಸಬಹುದು ಎಂಬಷ್ಟಕ್ಕೆ ಈ ಮಾತನ್ನು ನಿಲ್ಲಿಸುವೆನು.

ಈಗ ಮೊದಲು ಹೇಳಿದ ಋಣದ ವಿಚಾರಕ್ಕೆ ಬರುತ್ತೇನೆ. 1998ರಲ್ಲಿ ನಮ್ಮ ಭಾಗದ ಒಂದು ಹಳೆಯ ಬಸದಿಯ ಜೀರ್ಣೋದ್ಧಾರ ನಡೆಯಿತು. ನಾನು ಅದರ ಕೋಶಾಧ್ಯಕ್ಷನಾಗಿದ್ದೆನು. ನವರಂಗದ ಬಲಗೋಡೆಯ ಮೇಲೆ ಸುಣ್ಣದ ಗಾರೆಯಲ್ಲಿ ಬರೆದ ಒಂದು ಚಿತ್ರವಿತ್ತು: ಆರು ಜನ, ಒಂದು ಮರ. ದೀಪದ ಹೊಗೆಯಿಂದ ಅದು ಕಪ್ಪಿಟ್ಟಿತ್ತು, ಕೆಳಭಾಗ ತೇವದಿಂದ ಉದುರಿತ್ತು. ಪಂಚಕಲ್ಯಾಣಕ್ಕೆ ಬರುವ ಜನರಿಗೆ ಬಸದಿ ಸ್ವಚ್ಛವಾಗಿ ಕಾಣಬೇಕೆಂದು ಸಭೆಯಲ್ಲಿ ನಿರ್ಣಯವಾಯಿತು. ವಯಸ್ಸಾದ ಉಪಾಧ್ಯೆಯವರೊಬ್ಬರು ಮಾತ್ರ ಬಂದು, "ಸಾವಕಾರ್ರ, ಇದರ ಮ್ಯಾಲೆ ಬಣ್ಣಾ ಬಳಸಬ್ಯಾಡ್ರಿ. ನಮ್ಮಪ್ಪಾರು ಹುಡುಗೂರನ್ನ ಇಲ್ಲೇ ಕುಂಡ್ರಿಸಿ ಲೇಶ್ಯಾ ಹೇಳಿಕೊಡತಿದ್ರು" ಎಂದರು. ನಾನು ಅವರಿಗೆ, ಹೊಸ ಚಿತ್ರವನ್ನೇ ಬರೆಯಿಸೋಣವೆಂದು ಸಮಾಧಾನ ಹೇಳಿದೆನು. ಗೋಡೆಗೆ ತಿಳಿನೀಲಿಯ ಎನಾಮಲ್ ಪೇಂಟು ಬಿದ್ದಿತು. ಚೆಕ್ಕಿಗೆ ಸಹಿ ಹಾಕಿದವನು ನಾನು. ಹೊಸ ಚಿತ್ರವನ್ನು ಯಾರೂ ಬರೆಯಿಸಲಿಲ್ಲ. ಆ ಹಿರಿಯರು ಈಗಿಲ್ಲ.

ಸುಣ್ಣದ ಗೋಡೆಗೆ ಎನಾಮಲ್ ಬಳಿದರೆ ಆಗುವುದೇನೆಂಬುದನ್ನು ಆಮೇಲೆ ಕಣ್ಣಾರೆ ಕಂಡೆನು. ಸುಣ್ಣದ ಗಾರೆ ನೆಲದ ತೇವವನ್ನು ಹೀರಿ ಹೊರಗೆ ಆರಲು ಬಿಡುವುದು. ಎಣ್ಣೆಪೇಂಟು ಆ ದಾರಿಯನ್ನು ಮುಚ್ಚುವುದು. ಜೋಯಿಡಾ ಹಳಿಯಾಳಗಳ ಮಳೆಗಾಲದಲ್ಲಿ ಗೋಡೆಯೊಳಗೆ ಸೇರಿದ ನೀರು ಹೊರಬರಲಾರದೆ, ಉಪ್ಪನ್ನು ಹೊತ್ತು ತಂದು ಪೇಂಟಿನ ಹಿಂದೆ ಕೂಡಿಸುವುದು. ಪೇಂಟು ಗುಳ್ಳೆಯೇಳುವುದು, ಒಡೆಯುವುದು, ಒಡೆಯುವಾಗ ಗಾರೆಯ ಮೇಲ್ಪದರವನ್ನೂ ಕಿತ್ತುಕೊಂಡು ಬೀಳುವುದು. ಆ ಮೇಲ್ಪದರದಲ್ಲಿಯೇ ಚಿತ್ರ ಇರುವುದು.

ಚಿತ್ರಶಾಲೆಯಿಂದ ಹೊರಬಂದ ದಿನ ರಾತ್ರಿ ನನಗೆ ನೆನಪಾದುದು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದಾದ ನ್ಯಾಸಾಪಹಾರ. ಪೂಜ್ಯಪಾದಾಚಾರ್ಯರು ತತ್ತ್ವಾರ್ಥಸೂತ್ರದ ತಮ್ಮ ವ್ಯಾಖ್ಯಾನದಲ್ಲಿ ಅದನ್ನು ವಿವರಿಸಿದ ರೀತಿ ವ್ಯಾಪಾರಿಗಳಿಗೆ ಚೆನ್ನಾಗಿ ಅರ್ಥವಾಗುವಂಥದು. ಒಬ್ಬನು ಹಣವನ್ನು ಅಡವಿಟ್ಟು ಹೋಗಿ, ಎಷ್ಟು ಇಟ್ಟೆನೆಂಬುದನ್ನು ಮರೆತು, ಬಂದು ಕಡಿಮೆ ಕೇಳುವನು. ಇಟ್ಟುಕೊಂಡವನು ತಿಳಿದೂ ತಿಳಿದೂ "ಸರಿ, ಅಷ್ಟೇ ತೆಗೆದುಕೋ" ಎನ್ನುವನು. ಕದ್ದಿಲ್ಲ, ಬಾಯಿಬಿಟ್ಟು ಸುಳ್ಳು ಹೇಳಿಲ್ಲ. ಆದರೂ ವ್ರತ ಕೆಟ್ಟಿತು. ಬಸದಿಯ ಗೋಡೆಯ ಮೇಲೆ ಹಿರಿಯರು ಇಟ್ಟುಹೋದದ್ದನ್ನು ಸಮಾಜ ಮರೆತಿದೆ. ಮರೆತ ಸಮಾಜ ಬಂದು ಸ್ವಚ್ಛವಾದ ಗೋಡೆ, ಹೊಳೆಯುವ ಟೈಲು, ವಿದ್ಯುದ್ದೀಪ ಇಷ್ಟೇ ಸಾಕೆಂದು ಕೇಳುವುದು. ಟ್ರಸ್ಟಿಗಳಾದ ನಾವು "ಆಗಲಿ" ಎನ್ನುವೆವು. ವಾಣಿಜ್ಯ ಪದವಿಯಲ್ಲಿ ಜಮಾಖರ್ಚು ಕಲಿತ ನಾನು ಅಂದಿನ ಆಸ್ತಿಪಟ್ಟಿಯನ್ನು ಮತ್ತೆ ತೆಗೆದು ನೋಡಿದೆನು. ಗಂಟೆ, ಹರಿವಾಣ, ಜಮಖಾನೆ, ಕುರ್ಚಿ ಎಲ್ಲವೂ ಅದರಲ್ಲಿದ್ದವು, ಚಿತ್ರ ಇರಲಿಲ್ಲ. ಜಮೆಯಲ್ಲಿ ಇಲ್ಲದ್ದು ಹೋದಾಗ ಖರ್ಚಿನಲ್ಲಿಯೂ ಕಾಣಲಿಲ್ಲ.

ಕೊಟ್ಟವನ ಉದ್ದೇಶವನ್ನು ಬರೆದಿಡುವ ಪದ್ಧತಿ ನಮ್ಮ ಸೀಮೆಗೆ ಹೊಸದೇನಲ್ಲ. ಹಳಿಯಾಳಕ್ಕೆ ನೆರೆಯಾದ ಹಲಸಿ, ಅಂದಿನ ಪಲಾಶಿಕೆ, ಕದಂಬರ ಕಾಲದ ಜಿನಾಲಯದ ಸ್ಥಳ. ಕದಂಬ ರವಿವರ್ಮನ ತಾಮ್ರಶಾಸನವು ಒಂದು ಗ್ರಾಮದ ಉತ್ಪನ್ನದಿಂದ ಪ್ರತಿವರ್ಷ ಎಂಟು ದಿನಗಳ ಜಿನೇಂದ್ರೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳ ನಿರ್ವಾಹವಾಗಬೇಕು ಎಂದು ಸ್ಪಷ್ಟವಾಗಿ ವಿಧಿಸಿತ್ತು. ಬರೆದಿಟ್ಟರೆ ಮಾತ್ರ ಸಾಲದೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವನ್ನು ಹೇಳಬಹುದು. ಔಷಧಿ ವ್ಯಾಪಾರದಲ್ಲಿ ಧನಿಕನಾದ ಆಲ್ಬರ್ಟ್ ಬಾರ್ನ್ಸ್ ಎಂಬಾತನು ರೆನ್ವಾನ 181 ಕೃತಿಗಳೂ ಸೇರಿದಂತೆ ಇಂಪ್ರೆಷನಿಸ್ಟರ ಹಾಗೂ ಅವರ ಅನಂತರದವರ ಅಪೂರ್ವ ಸಂಗ್ರಹವನ್ನು ಮಾಡಿ, 1922ರಲ್ಲಿ ಒಂದು ಟ್ರಸ್ಟು ಸ್ಥಾಪಿಸಿದನು. ತನ್ನ ಮರಣಾನಂತರ ಒಂದು ಚಿತ್ರವೂ ಸ್ಥಳ ಬಿಟ್ಟು ಕದಲಕೂಡದು, ಮಾರಕೂಡದು, ಎರವಲು ಕೊಡಕೂಡದು ಎಂದು ಕರಾರು ಬರೆದನು. ಅವನು 1951ರಲ್ಲಿ ತೀರಿಕೊಂಡನು. ಮುಂದೆ ಟ್ರಸ್ಟು ಹಣದ ಮುಗ್ಗಟ್ಟಿಗೆ ಸಿಲುಕಿತು. 2004ರಲ್ಲಿ ನ್ಯಾಯಾಲಯದ ಅಪ್ಪಣೆ ದೊರೆತು, 2012ರಲ್ಲಿ ಸಂಗ್ರಹವು ಫಿಲಡೆಲ್ಫಿಯಾ ನಗರದ ಹೊಸ ಕಟ್ಟಡಕ್ಕೆ ಹೋಯಿತು. ಹೊಸ ಕಟ್ಟಡದಲ್ಲಿಯೂ ಅವನು ತೂಗುಹಾಕಿದ್ದ ಕ್ರಮದಲ್ಲಿಯೇ ಚಿತ್ರಗಳನ್ನು ಇರಿಸಿದರು. ಇದು ದ್ರೋಹವೋ ರಕ್ಷಣೆಯೋ ಎಂಬ ವಾದ ಅಲ್ಲಿ ಬಹಳ ನಡೆಯಿತು. ನನಗೆ ಗಮನಾರ್ಹವಾಗಿ ತೋರಿದ್ದು ಬೇರೆ: ಅಲ್ಲಿ ಚಿತ್ರವನ್ನು ಸ್ಥಳಾಂತರಿಸಲು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಯಿತು, ನಮ್ಮಲ್ಲಿ ಚಿತ್ರವನ್ನು ಅಳಿಸಲು ಒಂದು ಸಂಜೆಯ ಸಭೆ ಸಾಕಾಯಿತು.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು. ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು ಗೋಡೆ, ಕಂಬ, ಮುಚ್ಚಿಗೆಗಳ ಛಾಯಾಚಿತ್ರ ತೆಗೆಯಿಸಿ, ಚಿತ್ರಗಳನ್ನೂ ಬರಹಗಳನ್ನೂ ಆಸ್ತಿಪಟ್ಟಿಗೆ ಸೇರಿಸಿರಿ. ಸುಣ್ಣದ ಗೋಡೆಗೆ ಎಣ್ಣೆಪೇಂಟು ಬಳಿಯಿಸಬೇಡಿರಿ, ಸಿಮೆಂಟು ಮೆತ್ತಬೇಡಿರಿ, ಟೈಲು ಅಂಟಿಸಬೇಡಿರಿ. ಹೊಗೆ ಹಿಡಿದ ಚಿತ್ರವನ್ನು ನೀರು ಸಾಬೂನುಗಳಿಂದ ಉಜ್ಜಿಸಬೇಡಿರಿ. ಪುರಾತತ್ತ್ವ ಇಲಾಖೆಗೆ ಒಂದು ಪತ್ರ ಬರೆದು ತಿಳಿದವರನ್ನು ಕರೆಯಿಸಿರಿ. ಚಿತ್ರದ ಸಮೀಪದಲ್ಲಿ ಎಣ್ಣೆದೀಪವನ್ನು ಇಡಬೇಡಿರಿ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಡಪತ್ರಗಳು, ಅವುಗಳಲ್ಲಿನ ಹನ್ನೆರಡನೆಯ ಶತಮಾನದ ವರ್ಣಚಿತ್ರಗಳ ಸಮೇತ, ನಮ್ಮ ಕಾಲದವರೆಗೆ ಬಂದಿರುವುದು ತಲೆಮಾರುಗಳ ಕಾಲ ಯಾರೋ ಅವುಗಳನ್ನು ನ್ಯಾಸವೆಂದು ತಿಳಿದು ಕಾಯ್ದುದರಿಂದ. ತಮಿಳುನಾಡಿನ ಸಿತ್ತನ್ನವಾಸಲ್ ಗುಹಾಬಸದಿಯ ಮುಚ್ಚಿಗೆಯಲ್ಲಿ ಮೀನು, ಹಕ್ಕಿ, ಆನೆಗಳಿರುವ ಒಂದು ತಾವರೆಕೆರೆಯಿದೆ. ಭವ್ಯರು ಅದರಲ್ಲಿಳಿದು ಹೂವು ಕೊಯ್ಯುತ್ತಿರುವರು. ಮೊನೆಯ ನೈದಿಲೆಕೊಳದ ಚಿತ್ರಗಳನ್ನು ಕಾಣಲು ಪ್ಯಾರಿಸ್ಸಿಗೆ ಹೋಗಿಬರುವ ನಮ್ಮ ಮಕ್ಕಳಿಗೆ, ಅದಕ್ಕಿಂತ ಸಾವಿರ ವರ್ಷ ಹಿಂದಿನ ಈ ಕೊಳದ ಹೆಸರನ್ನಾದರೂ ಹೇಳಿಕೊಡೋಣ.

ರುಮಾಲೆಯವರ ಚಿತ್ರಗಳನ್ನು ನೋಡಿಬಂದ ಮರುವರ್ಷ ಫಾಲ್ಗುಣದಲ್ಲಿ ದಾಂಡೇಲಿಗೆ ಹೋಗುವ ದಾರಿಯಲ್ಲಿ ಮುತ್ತುಗದ ಮರವೊಂದರ ಮುಂದೆ ವಾಹನ ನಿಲ್ಲಿಸಿದೆನು. ಅದೇ ದಾರಿಯಲ್ಲಿ ಕಾಗದದ ಕಾರ್ಖಾನೆಯ ಕಾಲೋನಿಗೆ ವಸೂಲಿಗೆಂದು ವರ್ಷಗಟ್ಟಲೆ ಓಡಾಡಿದ್ದೆನು. ಆ ಮರ ಅಲ್ಲಿತ್ತೆಂಬುದು ತಿಳಿದಿರಲಿಲ್ಲ. ಎಲೆಯಿಲ್ಲದ ಡೊಂಕು ರೆಂಬೆಗಳ ತುಂಬ ಹೂವು, ಕಾಂಡದ ನೆರಳಿನ ಬದಿಯಲ್ಲಿ ನಿಜವಾಗಿಯೂ ನೀಲಿ. ಊರಿಗೆ ಬಂದು ಆ ಬಸದಿಯ ಇಂದಿನ ಆಡಳಿತ ಮಂಡಳಿಗೆ ಪತ್ರ ಬರೆದೆನು. ಬಲಗೋಡೆಯ ಮೇಲ್ಭಾಗದಲ್ಲಿ ಗುಳ್ಳೆಯೇಳದೆ ಉಳಿದಿರುವ ಕಡೆ, ಅಂಗೈಯಗಲದಷ್ಟು ಜಾಗದಲ್ಲಿ, ತಜ್ಞರಿಂದ ಎನಾಮಲ್ ತೆಗೆಯಿಸಿ ಅಡಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಅದರ ವೆಚ್ಚವನ್ನು ಬಸದಿಯ ಕೋಶದಿಂದ ತೆಗೆಯಬಾರದು, ಅದನ್ನು ಕೊಡಬೇಕಾದವನು ನಾನು ಎಂದು ತಿಳಿಸಿದ್ದೇನೆ. ಅವರು ವಿಚಾರ ಮಾಡುತ್ತಿದ್ದಾರೆ. ಗೋಡೆಯ ಮೇಲೆ ಆರು ಜನರಲ್ಲಿ ಒಬ್ಬನಾದರೂ ಉಳಿದಿದ್ದರೆ, ಅವನು ಯಾವ ಲೇಶ್ಯೆಯವನಾದರೂ ಆಗಲಿ, ನೋಡಬೇಕೆಂಬ ಆಸೆಯಿದೆ.